ಸಣ್ಣ ತೋಟೆಯ ಬೋಲ್ಟ್ ರೈಫಲು: ಒಂದು ಐತಿಹಾಸಿಕ ವಿವೇಚನೆ

ಶಿವಮೊಗ್ಗ ನಗರದಿಂದ ಹೊರಟು ನವುಲೆಯನ್ನು ಹಾದು ಸಾಗುವ ಸವಳಂಗ ರಸ್ತೆಯು ಮುಂದೆ ಶಿಕಾರಿಪುರವನ್ನು ಸೇರುತ್ತದೆ. ಕೆಳದಿಯ ಅರಸರ ಕಾಲದಲ್ಲಿ ಮಹಾದಾನಪುರವೆನಿಸಿದ್ದ ಆ ಊರಿಗೆ, ಹೈದರಲಿಯ ಇಲ್ಲವೆ ಟಿಪ್ಪುವಿನ ಕಾಲದಲ್ಲಿ, ಅಲ್ಲಿ ದೊರೆತ ಬೇಟೆಯ ಸಮೃದ್ಧಿಯಿಂದ ಈಗಿನ ಹೆಸರು ಬಂದಿತೆಂಬ ಐತಿಹ್ಯವನ್ನು ಬಿ. ಎಲ್. ರೈಸರು ತಮ್ಮ ಮೈಸೂರು ಗೆಜೆಟಿಯರಿನಲ್ಲಿ ದಾಖಲಿಸಿದ್ದಾರೆ. ಬೇಟೆಯು ಹೀಗೆ ಸ್ಥಳನಾಮದಲ್ಲಿ ಉಳಿಯಿತು. ಬೇಟೆಯ ಉಪಕರಣಗಳು ಮಾತ್ರ ನಮ್ಮ ಚರಿತ್ರೆಯ ಪುಟಗಳಿಗೆ ಬರಲೇ ಇಲ್ಲ. ಅವುಗಳಲ್ಲಿ ಒಂದಾದ, ಸಣ್ಣ ತೋಟೆಗೆಂದೇ ಅಳತೆಯಿಟ್ಟು ಕಟ್ಟಿದ ಬೋಲ್ಟ್ ರೈಫಲನ್ನು ಕುರಿತು ಪ್ರಕೃತ ಲೇಖನದಲ್ಲಿ ವಿಚಾರಿಸಲು ಉದ್ದೇಶಿಸಿದ್ದೇವೆ. ಬೇಟೆಯ ಪ್ರಶಂಸೆ ನಮ್ಮ ಉದ್ದೇಶವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು ಅದರ 1991ರ ತಿದ್ದುಪಡಿಗಳಿಂದ ಆ ಅಧ್ಯಾಯ ಮುಗಿದಿದೆ, ಮುಗಿಯಬೇಕಾದುದೂ ನ್ಯಾಯವೇ.

ಮಲೆನಾಡಿನ ಸಾಮಾನ್ಯ ರೈತನ ಕೈಯಲ್ಲಿದ್ದುದು ರೈಫಲಲ್ಲ, ಕೋವಿ. ಮೊದಲು ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ, ಅನಂತರ ಒಂಟಿನಳಿಗೆಯ ಅಥವಾ ಜೋಡುನಳಿಗೆಯ ತೋಟಾಕೋವಿ. ಗದ್ದೆಗೆ ನುಗ್ಗುವ ಹಂದಿಯನ್ನು ರಾತ್ರಿಯಲ್ಲಿ, ಹತ್ತಿರದಿಂದ, ಚರೆಯಿಂದ ಹೊಡೆಯಲು ಅದು ತಕ್ಕುದಾಗಿತ್ತು. ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ (1933) ಓದಿದವರಿಗೆ ಆ ಕೋವಿಯ ಲೋಕ ಪರಿಚಿತವೇ ಆಗಿದೆ. ರೈಫಲಿನ ಸ್ವರೂಪ ಬೇರೆ. ಅದರ ನಳಿಗೆಯ ಒಳಮೈಯಲ್ಲಿ ಕೊರೆದ ತಿರುಚುಗೆರೆಗಳು ಒಂದೇ ಗುಂಡನ್ನು ತಿರುಗಿಸಿ, ದೂರದ ಗುರಿಗೆ ನೆಟ್ಟಗೆ ಕಳುಹುತ್ತವೆ.

ಬಾಗಿಲಿನ ಅಗುಳಿಯಂತೆ ಹಿಂದಕ್ಕೆಳೆದು, ಮುಂದಕ್ಕೆ ತಳ್ಳಿ, ಹೊರಳಿಸಿ ಭದ್ರಪಡಿಸುವ ಬೋಲ್ಟು, ಪ್ರಷ್ಯದ ಸೈನ್ಯವು 1841ರಲ್ಲಿ ಅಂಗೀಕರಿಸಿದ ಡ್ರೈಸ್ ಬಂದೂಕಿನಿಂದ ಪ್ರಸಿದ್ಧಿಗೆ ಬಂದಿತು. 1898ರ ಮೌಸರಿನಲ್ಲಿ ಪರಿಪಕ್ವವಾಯಿತು. ಆದರೆ ಮೌಸರಿನ ಯಂತ್ರಭಾಗವು ಸುಮಾರು 82 ಮಿಲಿಮೀಟರು ಉದ್ದದ ಸೈನಿಕ ತೋಟೆಗಾಗಿ ರಚಿತವಾದುದು. 1930ರಲ್ಲಿ ಮಾರುಕಟ್ಟೆಗೆ ಬಂದ .22 ಹಾರ್ನೆಟ್ ತೋಟೆಯ ಉದ್ದವಾದರೋ ಸುಮಾರು 44 ಮಿಲಿಮೀಟರು ಮಾತ್ರ. ಅಂಥ ತೋಟೆಯನ್ನು ದೊಡ್ಡ ಯಂತ್ರದಲ್ಲಿಟ್ಟರೆ ಬೋಲ್ಟು ಅನಾವಶ್ಯಕವಾಗಿ ದೂರ ಸರಿಯಬೇಕು. ಉಪಯೋಗವಿಲ್ಲದ ಉಕ್ಕನ್ನು ಹೊರಬೇಕು. ಮ್ಯಾಗಜೀನಿನ ಖಾಲಿ ಜಾಗವನ್ನು ಹೇಗಾದರೂ ತುಂಬಬೇಕು. ಅಮೆರಿಕದ ವಿಂಚೆಸ್ಟರ್ 70 ಮಾದರಿಯಲ್ಲಿ ಹೀಗೆಯೇ ಮಾಡಲಾಯಿತು.

ಯೂರೋಪಿನ ಕೆಲವು ಕುಶಲಕರ್ಮಿಗಳು ಇನ್ನೊಂದು ದಾರಿ ಹಿಡಿದರು. ಮೌಸರ್ ಕಾರ್ಖಾನೆಯೇ ಸಣ್ಣ ತೋಟೆಗಳಿಗಾಗಿ ‘ಕುರ್ಜ್’, ಎಂದರೆ ಗಿಡ್ಡ, ಎಂಬ ಯಂತ್ರಭಾಗವನ್ನು ತಯಾರಿಸಿತ್ತು. ಎರಡನೆಯ ಮಹಾಯುದ್ಧದ ಅನಂತರ ಫಿನ್ಲೆಂಡಿನ ಸಾಕೋ ಎಲ್46, ಚೆಕೊಸ್ಲೊವಾಕಿಯದ ಬ್ರ್ನೋ ನಗರದ ಜ಼ೆಡ್‌ಕೆಡಬ್ಲ್ಯು 465 ಎಂಬ ರೈಫಲುಗಳು ಬಂದವು. ದೊಡ್ಡ ಮೌಸರಿನ ಲಕ್ಷಣಗಳನ್ನೇ ಕಿರಿದಾಗಿಸಿದಂತೆ ತೋರುವ ಎರಡನೆಯದನ್ನು ಬಲ್ಲವರು ಇಂದಿಗೂ ಮೆಚ್ಚುತ್ತಾರೆ. ಇವುಗಳ ಸೊಬಗು ಅಲಂಕಾರದಿಂದ ಬಂದುದಲ್ಲ. ತೋಟೆಯ ಅಳತೆಗೆ ಬೋಲ್ಟು, ಬೋಲ್ಟಿನ ಅಳತೆಗೆ ಮರದ ಹಿಡಿ ಎಂಬ ಪ್ರಮಾಣಬದ್ಧತೆಯಿಂದ ಬಂದುದು.

ಭಾರತದಲ್ಲಿ ರೈಫಲಿನ ಆಕಾರವನ್ನು ಕರ್ಮಿಯ ವಿವೇಕದಷ್ಟೇ ಕಾನೂನೂ ನಿರ್ಧರಿಸಿತು. ಸೈನ್ಯದ .303 ತೋಟೆ ನಾಗರಿಕರಿಗೆ ನಿಷಿದ್ಧವಾದುದರಿಂದ, ಇಷಾಪುರದ ಸರ್ಕಾರಿ ಕಾರ್ಖಾನೆಯು ಅದೇ ಬಗೆಯ ಬೋಲ್ಟನ್ನು .315 ತೋಟೆಗೆ ಅಳವಡಿಸಿ ನಾಗರಿಕ ರೈಫಲನ್ನು ತಯಾರಿಸಿತು. ಸಣ್ಣ .22 ರೈಫಲು ಗುರಿಯ ಅಭ್ಯಾಸಕ್ಕೆ ಒದಗಿತು. ಆಯುಧ ಕಾಯಿದೆಯಿಂದ ವಿಶೇಷ ವಿನಾಯಿತಿ ಪಡೆದಿರುವ ಕೊಡಗಿನಲ್ಲಿ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಗಳಲ್ಲಿ ಅದು ಈಗಲೂ ಕಾಣಸಿಗುತ್ತದೆ.

ಚರಿತ್ರೆಯ ಕೀರ್ತಿಯಾದರೋ ದೊಡ್ಡ ರೈಫಲುಗಳಿಗೇ ಸಂದಿತು. 1907ರಲ್ಲಿ ಚಂಪಾವತದ ನರಭಕ್ಷಕವನ್ನು ಕೊಂದುದಕ್ಕಾಗಿ ಜಿಮ್ ಕಾರ್ಬೆಟರಿಗೆ ದೊರೆತ .275 ರಿಗ್ಬಿ ಬೋಲ್ಟ್ ರೈಫಲು ಲೋಕಪ್ರಸಿದ್ಧ. ನಮ್ಮ ಜಿಲ್ಲೆಯ ಚೋರಡಿಯ ಹುಲಿಯ ಕಥೆಯನ್ನು ಬರೆದ ಕೆನೆತ್ ಆಂಡರ್ಸನರ .405 ವಿಂಚೆಸ್ಟರು ಬೋಲ್ಟಿನದೇ ಅಲ್ಲ, ಸನ್ನೆಯಿಂದ ನಡೆಯುವಂಥದು. ನರಭಕ್ಷಕದೆದುರು ನಿಲ್ಲದ ಸಣ್ಣ ರೈಫಲಿಗೆ ಕಥೆಗಾರ ದೊರೆಯಲಿಲ್ಲ. ಆದುದರಿಂದಲೇ ಅದರ ಸಾಕ್ಷ್ಯವನ್ನು ವಸ್ತುವಿನಲ್ಲೇ ಹುಡುಕಬೇಕಾಗಿದೆ.

ಆ ವಸ್ತುವೇ ಈಗ ಕಣ್ಮರೆಯಾಗುವ ಸಂಭವವಿದೆ. 2019ರ ಆಯುಧ ತಿದ್ದುಪಡಿ ಕಾಯಿದೆಯು ಒಬ್ಬ ಪರವಾನಗಿದಾರ ಹೊಂದಬಹುದಾದ ಬಂದೂಕುಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿ, ಹೆಚ್ಚಿನದನ್ನು ಒಪ್ಪಿಸಬೇಕೆಂದು ವಿಧಿಸಿತು. ಕಾನೂನಿನ ಉದ್ದೇಶವನ್ನು ನಾವು ಪ್ರಶ್ನಿಸುವುದಿಲ್ಲ. ಆದರೆ ಬೆಳೆಗಾವಲಿಗೂ ಆತ್ಮರಕ್ಷಣೆಗೂ ಬೇಕೆನಿಸದ, ತೋಟೆ ದೊರೆಯುವುದೂ ಕಷ್ಟವಾದ ಸಣ್ಣ ರೈಫಲೇ ಮೊದಲು ಮನೆ ಬಿಡುವುದೆಂದು ಊಹಿಸುವುದು ಕಠಿಣವಲ್ಲ. ಒಪ್ಪಿಸಿದ ಬಂದೂಕು ನಾಶವಾದರೆ, ಅದರ ಮೇಲಿನ ತಯಾರಕನ ಮುದ್ರೆ, ಪರೀಕ್ಷಾಚಿಹ್ನೆ, ಕ್ರಮಸಂಖ್ಯೆಗಳೂ ಅದರೊಡನೆ ಅಳಿಯುತ್ತವೆ. ಯಾವ ದೇಶದ ಸರಕು ಯಾವ ಹಾದಿಯಿಂದ ಮಲೆನಾಡಿನ ಯಾವ ವರ್ಗದವರ ಮನೆ ಸೇರಿತೆಂಬ ಪ್ರಶ್ನೆಗೆ ಆ ಅಕ್ಷರಗಳೇ ಉತ್ತರ.

ಶಾಸನವೊಂದು ಚಪ್ಪಡಿಗಲ್ಲಾಗಿ ಸವೆಯುವ ಮೊದಲು ಅದರ ಪಡಿಯಚ್ಚು ತೆಗೆದುಕೊಳ್ಳುವುದು ನಮ್ಮ ಶಾಸ್ತ್ರದ ಶಿಸ್ತು. ಅದೇ ಶಿಸ್ತನ್ನು ಇಲ್ಲಿಗೂ ಅನ್ವಯಿಸಬಹುದು. ಒಪ್ಪಿಸುವ ಮುನ್ನ, ಅಧಿಕಾರಿಗಳ ಅನುಮತಿಯೊಡನೆ, ಬಂದೂಕಿನ ಗುರುತುಗಳನ್ನು ಬರೆದಿಡುವುದು, ಮನೆಯ ಹಿರಿಯರ ನೆನಪುಗಳನ್ನು ಸಂಗ್ರಹಿಸುವುದು ವಿದ್ಯಾರ್ಥಿಗಳಿಗೆ ಅಸಾಧ್ಯವಲ್ಲ. ನಿಷ್ಕ್ರಿಯಗೊಳಿಸಿದ ಒಂದೆರಡು ಮಾದರಿಗಳು ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ವಸ್ತುಸಂಗ್ರಹಾಲಯವನ್ನು ಸೇರಿದರೆ, ಶಿಕಾರಿಪುರವೆಂಬ ಹೆಸರಿನ ಅರ್ಥವನ್ನು ಮುಂದಿನ ತಲೆಮಾರು ಕಣ್ಣಾರೆ ಕಂಡು ತಿಳಿದೀತು.