ತೆಳುವಾದ ಹುಬ್ಬಿಗೆ ಬಣ್ಣದ ಗೆರೆ: ಮೊದಲು ಕಾರಣ ತಿಳಿಯಿರಿ, ಆನಂತರ ಅಲಂಕಾರ

ಹುಬ್ಬಳ್ಳಿ: ಹುಬ್ಬಿನ ಕೂದಲು ಉದುರಿ ತೆಳುವಾದವರು ಪ್ರತಿದಿನ ಪೆನ್ಸಿಲ್ ಅಥವಾ ಕಾಡಿಗೆಯಿಂದ ತಿದ್ದಿಕೊಳ್ಳುವ ಬದಲು, ಒಂದೆರಡು ವರ್ಷ ಉಳಿಯುವ ಬಣ್ಣವನ್ನು ಚರ್ಮದೊಳಗೇ ಸೇರಿಸಿಕೊಳ್ಳುವ ವಿಧಾನಗಳು ಇಂದು ಮಹಾನಗರಗಳಿಗಷ್ಟೇ ಸೀಮಿತವಾಗಿ ಉಳಿದಿಲ್ಲ. 'ಮೈಕ್ರೋಬ್ಲೇಡಿಂಗ್', 'ಪೌಡರ್ ಬ್ರೋ' ಮುಂತಾದ ಹೆಸರುಗಳು ಹುಬ್ಬಳ್ಳಿ-ಧಾರವಾಡದಂತಹ ನಗರಗಳ ಮಹಿಳೆಯರಿಗೂ ಪರಿಚಿತವಾಗಿವೆ. ಕಾಲೇಜುಗಳು, ವಸತಿ ಬಡಾವಣೆಗಳು ಮತ್ತು ದೊಡ್ಡ ಸರ್ಕಾರಿ ಆಸ್ಪತ್ರೆ ಒಟ್ಟಾಗಿರುವ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಬ್ಯೂಟಿ ಪಾರ್ಲರ್‌ಗೂ ಚರ್ಮರೋಗ ವೈದ್ಯರ ಕೊಠಡಿಗೂ ಹೆಚ್ಚು ಅಂತರವಿಲ್ಲ. ಹುಬ್ಬು ತೆಳುವಾದಾಗ ಈ ಎರಡರಲ್ಲಿ ಯಾವ ಬಾಗಿಲನ್ನು ಮೊದಲು ತಟ್ಟಬೇಕು ಎಂಬುದು ಮಾತ್ರ ಬಹಳ ಮುಖ್ಯ. ಏಕೆಂದರೆ ಉದುರಿದ ಹುಬ್ಬು ಕೆಲವೊಮ್ಮೆ ದೇಹದೊಳಗಿನ ಕಾಯಿಲೆಯ ಮೊದಲ ಸೂಚನೆಯಾಗಿರುತ್ತದೆ. ಬಣ್ಣ ತುಂಬಿಸಿದರೆ ಆ ಸೂಚನೆಯೇ ಮುಚ್ಚಿಹೋಗುತ್ತದೆ.

ಹುಬ್ಬು ತೆಳುವಾಗುವುದೇಕೆ?

ತಲೆಗೂದಲು ವರ್ಷಗಟ್ಟಲೆ ಬೆಳೆಯುತ್ತದೆ. ಹುಬ್ಬಿನ ಕೂದಲ ಬೆಳವಣಿಗೆಯ ಅವಧಿ ಕೆಲವೇ ತಿಂಗಳು. ಆದ್ದರಿಂದಲೇ ಅದು ಗಿಡ್ಡವಾಗಿ ಉಳಿಯುತ್ತದೆ, ಉದುರಿದರೆ ಮತ್ತೆ ತುಂಬಿಕೊಳ್ಳಲು ಹಲವು ವಾರಗಳು ಬೇಕಾಗುತ್ತವೆ. ವಯಸ್ಸಾದಂತೆ ಹುಬ್ಬು ವಿರಳವಾಗುವುದು ಸಹಜ. ಹಲವು ವರ್ಷ ಪದೇಪದೇ ಥ್ರೆಡಿಂಗ್ ಮಾಡಿಸಿಕೊಂಡವರಲ್ಲಿ, ಚಿಮಟದಿಂದ ಕೂದಲು ಕಿತ್ತುಕೊಂಡವರಲ್ಲಿ ಕೂದಲಿನ ಬುಡ ದುರ್ಬಲಗೊಂಡು ಅದು ಮರಳಿ ಹುಟ್ಟದಿರುವುದೂ ಉಂಟು. ಕಬ್ಬಿಣದ ಅಂಶದ ಕೊರತೆ, ಹೆರಿಗೆ ಅಥವಾ ದೀರ್ಘ ಜ್ವರದ ನಂತರದ ಕೂದಲು ಉದುರುವಿಕೆ, ಹುಬ್ಬಿನ ಮೇಲಿನ ಹೊಟ್ಟು ಮತ್ತು ಇಸುಬು ಇತರ ಸಾಮಾನ್ಯ ಕಾರಣಗಳು.

ಥೈರಾಯ್ಡ್ ಗ್ರಂಥಿಯ ಸ್ರಾವ ಕಡಿಮೆಯಾದಾಗ ಹುಬ್ಬಿನ ಹೊರತುದಿಯ ಮೂರನೇ ಒಂದು ಭಾಗ ವಿರಳವಾಗುವುದನ್ನು ವೈದ್ಯಶಾಸ್ತ್ರ ಬಹಳ ಹಿಂದೆಯೇ ಗುರುತಿಸಿದೆ. ಹೊರತುದಿ ತೆಳುವಾದವರೆಲ್ಲರಿಗೂ ಥೈರಾಯ್ಡ್ ತೊಂದರೆ ಇರುತ್ತದೆ ಎಂದಲ್ಲ. ಆದರೆ ಅದರೊಂದಿಗೆ ಸುಸ್ತು, ತೂಕ ಹೆಚ್ಚಳ, ಮಲಬದ್ಧತೆ, ಮುಟ್ಟಿನ ಏರುಪೇರು ಕಂಡುಬಂದರೆ ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸುವುದು ಒಳಿತು. 'ಅಲೋಪೇಸಿಯಾ ಏರಿಯೇಟಾ' ಎಂಬ ಕಾಯಿಲೆಯಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಕೂದಲಿನ ಬುಡದ ಮೇಲೆ ದಾಳಿ ಮಾಡುತ್ತದೆ. ಹುಬ್ಬಿನಲ್ಲಿ ನಾಣ್ಯದಾಕಾರದ ಬೋಳು ಜಾಗ ಕಾಣಿಸಿಕೊಳ್ಳುವುದು ಇದರ ಲಕ್ಷಣ. ಋತುಬಂಧದ ನಂತರ ಕೆಲವು ಮಹಿಳೆಯರಲ್ಲಿ ಹಣೆಯ ಅಂಚಿನ ಕೂದಲು ಹಿಂದೆ ಸರಿಯುತ್ತಾ ಹುಬ್ಬೂ ಮಾಯವಾಗುವ ಇನ್ನೊಂದು ಕಾಯಿಲೆಯಿದೆ. ಇದರಲ್ಲಿ ಕೂದಲಿನ ಬುಡ ಶಾಶ್ವತವಾಗಿ ನಾಶವಾಗುವುದರಿಂದ ಚಿಕಿತ್ಸೆ ಬೇಗನೆ ಆರಂಭವಾಗಬೇಕು.

ಕುಷ್ಠರೋಗವನ್ನೂ ಇಲ್ಲಿ ಮರೆಯುವಂತಿಲ್ಲ. ದೇಶದ ಮಟ್ಟದಲ್ಲಿ 10,000 ಜನರಿಗೆ ಒಂದಕ್ಕಿಂತ ಕಡಿಮೆ ಪ್ರಕರಣ ಎಂಬ ಗುರಿಯನ್ನು ಭಾರತ 2005ರ ಡಿಸೆಂಬರ್‌ನಲ್ಲಿ ತಲುಪಿತು. ಆದರೆ ಹೊಸ ಪ್ರಕರಣಗಳು ನಿಂತಿಲ್ಲ. ಈ ರೋಗದ ಒಂದು ಬಗೆಯಲ್ಲಿ ಹುಬ್ಬು ಹೊರತುದಿಯಿಂದ ಉದುರುತ್ತದೆ, ಕಿವಿಯ ಹಾಲೆ ದಪ್ಪವಾಗುತ್ತದೆ, ಕೈಕಾಲುಗಳಲ್ಲಿ ಜೋಮು ಹಿಡಿಯುತ್ತದೆ. ರೋಗದ ಇತರ ಬಗೆಗಳಲ್ಲಿ ಸ್ಪರ್ಶಜ್ಞಾನವಿಲ್ಲದ ಮಚ್ಚೆಗಳು ಕಾಣಿಸಿಕೊಳ್ಳುತ್ತವೆ. ಬಹುವಿಧ ಔಷಧ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತದೆ. ರೋಗದ ಬಗೆಯನ್ನು ಅನುಸರಿಸಿ 6 ಅಥವಾ 12 ತಿಂಗಳಲ್ಲಿ ಚಿಕಿತ್ಸೆ ಮುಗಿಯುತ್ತದೆ. ತಡಮಾಡಿದರೆ ನರಗಳಿಗೆ ಆಗುವ ಹಾನಿಯನ್ನು ಸರಿಪಡಿಸುವುದು ಕಷ್ಟ. ಹುಬ್ಬಿಗೆ ಬಣ್ಣ ತುಂಬಿಸಿಕೊಂಡು ನಿಶ್ಚಿಂತರಾದವರು ಕಳೆದುಕೊಳ್ಳುವುದು ಈ ಅಮೂಲ್ಯ ಸಮಯವನ್ನೇ.

ವಿದ್ಯಾನಗರದಲ್ಲಿರುವ, ಜನರ ಬಾಯಲ್ಲಿ ಇಂದಿಗೂ 'ಕಿಮ್ಸ್' ಎಂದೇ ಉಳಿದಿರುವ ಕರ್ನಾಟಕ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಸಂಸ್ಥೆ 1957ರಲ್ಲಿ ವೈದ್ಯಕೀಯ ಕಾಲೇಜಾಗಿ ಆರಂಭಗೊಂಡಿತು. ಇಂತಹ ಬೋಧನಾ ಆಸ್ಪತ್ರೆಗಳ ಚರ್ಮರೋಗ ವಿಭಾಗದ ಹೊರರೋಗಿ ಘಟಕದಲ್ಲಿ ಒಮ್ಮೆ ತೋರಿಸಿಕೊಂಡರೆ ಮೇಲಿನ ಬಹುತೇಕ ಸಂದೇಹಗಳಿಗೆ ಉತ್ತರ ಸಿಗುತ್ತದೆ.

ಚಿಕಿತ್ಸೆ ನಡೆಯುವ ಬಗೆ

ಮೈಕ್ರೋಬ್ಲೇಡಿಂಗ್‌ನಲ್ಲಿ ಅತಿ ಸಣ್ಣ ಸೂಜಿಗಳನ್ನು ಸಾಲಾಗಿ ಜೋಡಿಸಿದ, ಪೆನ್ನಿನಂತೆ ಕೈಯಲ್ಲಿ ಹಿಡಿಯುವ ಉಪಕರಣವನ್ನು ಬಳಸಲಾಗುತ್ತದೆ. ಅದರಿಂದ ಚರ್ಮದ ಮೇಲೆ ಕೂದಲಿನಷ್ಟೇ ತೆಳುವಾದ ಗೆರೆಗಳನ್ನು ಗೀರಿ ಬಣ್ಣ ಸೇರಿಸುತ್ತಾರೆ. ಗೆರೆಗಳು ಕೂದಲಿನ ಎಳೆಗಳಂತೆಯೇ ಕಾಣುತ್ತವೆ. ಪೌಡರ್ ಬ್ರೋ ವಿಧಾನದಲ್ಲಿ ಯಂತ್ರದ ಸೂಜಿಯಿಂದ ಚುಕ್ಕಿಗಳನ್ನು ಒತ್ತೊತ್ತಾಗಿ ಇಡುವುದರಿಂದ ಪೆನ್ಸಿಲ್‌ನಿಂದ ತುಂಬಿದಂತಹ ನೋಟ ಬರುತ್ತದೆ. ಎಣ್ಣೆಚರ್ಮದವರಲ್ಲಿ ತೆಳು ಗೆರೆಗಳು ಬೇಗ ಹರಡಿ ಮಸುಕಾಗುವ ಕಾರಣ ಅವರಿಗೆ ಎರಡನೆಯ ವಿಧಾನವೇ ಹೆಚ್ಚು ಹೊಂದುತ್ತದೆ. ಎರಡನ್ನೂ ಬೆರೆಸಿ ಮಾಡುವ ಪದ್ಧತಿಯೂ ಇದೆ.

ಮೊದಲು ಮುಖದ ಅಳತೆಗೆ ತಕ್ಕಂತೆ ಹುಬ್ಬಿನ ಆಕಾರವನ್ನು ಪೆನ್ಸಿಲ್‌ನಿಂದ ಬರೆದು ಕನ್ನಡಿಯಲ್ಲಿ ತೋರಿಸಲಾಗುತ್ತದೆ. ಒಪ್ಪಿಗೆಯಾದ ಬಳಿಕ ಮರಗಟ್ಟಿಸುವ ಮುಲಾಮು ಹಚ್ಚಿ ಕೆಲಸ ಆರಂಭಿಸುತ್ತಾರೆ. ಸಾಮಾನ್ಯವಾಗಿ ಎರಡು ಗಂಟೆಗಳ ಆಸುಪಾಸು ಸಮಯ ಹಿಡಿಯುತ್ತದೆ. ಮೊದಲ ದಿನಗಳಲ್ಲಿ ಬಣ್ಣ ಬಹಳ ಗಾಢವಾಗಿ ಕಂಡು ಗಾಬರಿ ಹುಟ್ಟಿಸುವುದುಂಟು. ವಾರದೊಳಗೆ ತೆಳುವಾದ ಹಕ್ಕಳೆ ಕಟ್ಟಿ ಉದುರುತ್ತದೆ, ಬಣ್ಣ ತಿಳಿಯಾಗುತ್ತದೆ. ನಿಜವಾದ ಬಣ್ಣ ತಿಳಿಯಲು ನಾಲ್ಕರಿಂದ ಆರು ವಾರ ಕಾಯಬೇಕು. ಆಗ ಬಿಟ್ಟುಹೋದ ಕಡೆ ಮರುತುಂಬಿಕೆ ಮಾಡಲಾಗುತ್ತದೆ. ಆನಂತರ ಸುಮಾರು ಒಂದರಿಂದ ಎರಡು ವರ್ಷ ಬಣ್ಣ ಉಳಿಯುತ್ತದೆ. ಕೆಲವರಲ್ಲಿ ಇನ್ನೂ ಹೆಚ್ಚು ಕಾಲ ಉಳಿಯಬಹುದು. ಉಳಿದ ಬಣ್ಣದ ಛಾಯೆ ಪೂರ್ತಿ ಹೋಗದಿರುವ ಸಾಧ್ಯತೆಯೂ ಇರುವುದರಿಂದ 'ಅರೆಶಾಶ್ವತ' ಎಂಬ ಮಾತನ್ನು 'ತಾತ್ಕಾಲಿಕ' ಎಂದು ಅರ್ಥೈಸಿಕೊಳ್ಳಬಾರದು.

ಅಜ್ಜಿಯ ಹಚ್ಚೆ, ಮೊಮ್ಮಗಳ ಹುಬ್ಬು

ಚರ್ಮಕ್ಕೆ ಸೂಜಿ ಚುಚ್ಚಿ ಬಣ್ಣ ಇಳಿಸುವ ಕಲೆ ಉತ್ತರ ಕರ್ನಾಟಕಕ್ಕೆ ಹೊಸದೇನಲ್ಲ. ಹಣೆ, ಗದ್ದ, ಮುಂಗೈಗಳ ಮೇಲೆ ಹಚ್ಚೆ ಹೊತ್ತ ಅಜ್ಜಿಯರನ್ನು ಈ ಭಾಗದ ಹಳ್ಳಿಗಳಲ್ಲಿ ಈಗಲೂ ಕಾಣಬಹುದು. ಹಚ್ಚೆ ಹಾಕುವಾಗ ಬಳಸಿದ ಮಸಿ ಕಪ್ಪಾಗಿದ್ದರೂ ಕಾಲಾನಂತರ ಅದು ಹಸಿರು ಅಥವಾ ನೀಲಿಯಾಗಿ ತೋರುತ್ತದೆ. ಮಸಿಯ ಕಣಗಳು ಒಳಚರ್ಮದ ಆಳದಲ್ಲಿ ಕುಳಿತಾಗ ಬೆಳಕು ಚದುರುವ ರೀತಿಯೇ ಇದಕ್ಕೆ ಕಾರಣ.

ಹುಬ್ಬಿನ ಚಿಕಿತ್ಸೆಯ ಗುಟ್ಟೂ ಇದೇ ಆಳದಲ್ಲಿದೆ. ಸೂಜಿ ಹೊರಚರ್ಮದಲ್ಲೇ ನಿಂತರೆ ಚರ್ಮ ಕಳಚುವಾಗ ಬಣ್ಣವೂ ಹೋಗಿಬಿಡುತ್ತದೆ. ಒಳಚರ್ಮದ ಮೇಲ್ಪದರವನ್ನು ಮುಟ್ಟಿದರೆ ಬಣ್ಣ ನಿಲ್ಲುತ್ತದೆ. ಇನ್ನೂ ಕೆಳಗಿಳಿದರೆ ಗೆರೆ ಹರಡಿ, ಹುಬ್ಬು ಬೂದು-ನೀಲಿ ಬಣ್ಣಕ್ಕೆ ತಿರುಗುತ್ತದೆ, ಕಲೆಯೂ ಉಳಿಯಬಹುದು. ಕಂದು ಬಣ್ಣಕ್ಕಾಗಿ ಬಳಸುವ ಕಬ್ಬಿಣದ ಆಕ್ಸೈಡ್ ಮಿಶ್ರಣದಲ್ಲಿ ಕೆಲವು ಛಾಯೆಗಳು ಬೇಗ ಮಾಸುವುದರಿಂದ ಕ್ರಮೇಣ ಹುಬ್ಬು ಕೆಂಪಾಗಿ ಕಾಣುವುದೂ ಇದೆ. ಅಳಿಸಲು ಲೇಸರ್ ಇದೆಯಾದರೂ ಕಬ್ಬಿಣದ ಆಕ್ಸೈಡ್ ಮತ್ತು ಟೈಟಾನಿಯಂ ಡೈಆಕ್ಸೈಡ್ ಇರುವ ಬಣ್ಣಗಳು ಲೇಸರ್ ತಗುಲಿದಾಗ ಇನ್ನಷ್ಟು ಕಪ್ಪಾಗುವ ಅಪಾಯವಿದೆ. ಆದ್ದರಿಂದ ಸಣ್ಣ ಜಾಗದಲ್ಲಿ ಪರೀಕ್ಷಿಸಿ ನೋಡದೆ ಲೇಸರ್ ಮಾಡಿಸುವುದು ಸಲ್ಲದು.

ಯಾರು ಮಾಡಿಸಿಕೊಳ್ಳಬಾರದು?

ಗರ್ಭಿಣಿಯರು ಮತ್ತು ಎದೆಹಾಲುಣಿಸುವ ತಾಯಂದಿರು ಇದನ್ನು ಮುಂದೂಡುವುದು ಕ್ಷೇಮ. ಗಾಯವಾದ ಕಡೆ ಚರ್ಮ ಗಂಟುಗಂಟಾಗಿ ಬೆಳೆಯುವ ಕೆಲಾಯ್ಡ್ ಪ್ರವೃತ್ತಿ ಇರುವವರು, ನಿಯಂತ್ರಣದಲ್ಲಿಲ್ಲದ ಮಧುಮೇಹಿಗಳು, ಹುಬ್ಬಿನ ಜಾಗದಲ್ಲಿ ಸೋಂಕು ಅಥವಾ ಇಸುಬು ಇರುವವರು ಇದರಿಂದ ದೂರವಿರಬೇಕು. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಮತ್ತು ಮೊಡವೆಗಾಗಿ ಐಸೊಟ್ರೆಟಿನಾಯಿನ್ ಸೇವಿಸುತ್ತಿರುವವರು ವೈದ್ಯರನ್ನು ಕೇಳದೆ ಮುಂದುವರಿಯಬಾರದು. ಪಾರ್ಲರ್‌ನಲ್ಲಿ ಒಪ್ಪಲಿ ಎಂದು ತಾವಾಗಿಯೇ ಮಾತ್ರೆ ನಿಲ್ಲಿಸುವುದಂತೂ ಅಪಾಯಕಾರಿ. ತೊನ್ನು ಮತ್ತು ಸೋರಿಯಾಸಿಸ್ ಇರುವವರಲ್ಲಿ ಚರ್ಮಕ್ಕೆ ಗಾಯವಾದ ಜಾಗದಲ್ಲೇ ಕಾಯಿಲೆ ಹೊಸದಾಗಿ ಕಾಣಿಸಿಕೊಳ್ಳಬಹುದು.

ಕ್ಯಾನ್ಸರ್ ರೋಗಿಗಳ ವಿಷಯ ಪ್ರತ್ಯೇಕ. ಕಿಮೊಥೆರಪಿಯಿಂದ ಹುಬ್ಬು ಕಳೆದುಕೊಂಡವರಿಗೆ ಕನ್ನಡಿಯಲ್ಲಿ ತಮ್ಮ ಮುಖವೇ ಅಪರಿಚಿತವೆನಿಸುತ್ತದೆ. ಅವರಿಗೆ ಹುಬ್ಬಿನ ಗೆರೆ ಬರಿಯ ಅಲಂಕಾರವಲ್ಲ, ಆತ್ಮವಿಶ್ವಾಸದ ಮಾತು. ಆದರೆ ಚಿಕಿತ್ಸೆಯ ಅವಧಿಯಲ್ಲಿ ರೋಗನಿರೋಧಕ ಶಕ್ತಿ ಕುಗ್ಗಿರುವುದರಿಂದ ಸಣ್ಣ ಸೋಂಕೂ ದೊಡ್ಡದಾಗಬಲ್ಲದು. ಹುಬ್ಬಳ್ಳಿಯ ನವನಗರದಲ್ಲಿ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆ ಇದ್ದು, ಈ ಭಾಗದ ರೋಗಿಗಳು ಅಲ್ಲಾಗಲಿ ಬೇರೆಡೆಯಾಗಲಿ ತಮಗೆ ಚಿಕಿತ್ಸೆ ನೀಡುತ್ತಿರುವ ವೈದ್ಯರ ಒಪ್ಪಿಗೆ ಪಡೆದೇ ಮುಂದುವರಿಯಬೇಕು. ಬಹುತೇಕರಲ್ಲಿ ಚಿಕಿತ್ಸೆ ಮುಗಿದ ಕೆಲವು ತಿಂಗಳಲ್ಲಿ ಹುಬ್ಬು ತಾನಾಗಿಯೇ ಮರಳಿ ಬರುತ್ತದೆ. ಅಲ್ಲಿಯವರೆಗೆ ಪೆನ್ಸಿಲ್ ಸಾಕು.

ಸೂಜಿ ಮತ್ತು ಬಣ್ಣದ ಅಪಾಯಗಳು

ಒಬ್ಬರಿಗೆ ಬಳಸಿದ ಸೂಜಿಯನ್ನು ಇನ್ನೊಬ್ಬರಿಗೆ ಬಳಸಿದರೆ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮತ್ತು ಎಚ್‌ಐವಿ ಹರಡಬಹುದು. ಇದೇ ಕಾರಣಕ್ಕೆ ಭಾರತದ ರಕ್ತದಾನ ಮಾರ್ಗಸೂಚಿ ಹಚ್ಚೆ ಹಾಕಿಸಿಕೊಂಡವರನ್ನು 12 ತಿಂಗಳು ರಕ್ತದಾನದಿಂದ ದೂರವಿಡುತ್ತದೆ. ಹುಬ್ಬಿಗೆ ಬಣ್ಣ ತುಂಬಿಸಿಕೊಂಡವರೂ ಇದನ್ನು ರಕ್ತನಿಧಿಯ ಸಿಬ್ಬಂದಿಗೆ ತಿಳಿಸಬೇಕು.

ಸೂಜಿ ಹೊಸದಾಗಿದ್ದ ಮಾತ್ರಕ್ಕೆ ಅಪಾಯ ಮುಗಿಯಲಿಲ್ಲ. ಸ್ವಿಟ್ಜರ್ಲೆಂಡ್‌ನಲ್ಲಿ 2009ರಲ್ಲಿ ಒಬ್ಬರೇ ಕಲಾವಿದರಿಂದ ಹುಬ್ಬಿಗೆ ಶಾಶ್ವತ ಬಣ್ಣ ಹಾಕಿಸಿಕೊಂಡ 12 ಜನರಿಗೆ ಕ್ಷಯರೋಗಾಣುವಿನ ಬಂಧುವೆನ್ನಬಹುದಾದ ಬ್ಯಾಕ್ಟೀರಿಯಾದ ಸೋಂಕು ತಗುಲಿತ್ತು. ತನಿಖೆ ಬಣ್ಣದತ್ತ ಬೊಟ್ಟು ಮಾಡಿತು. ಅಮೆರಿಕದಲ್ಲಿ 2003-04ರ ಅವಧಿಯಲ್ಲಿ ಕೆಲವು ಶಾಶ್ವತ ಮೇಕಪ್ ಬಣ್ಣಗಳಿಂದ 150ಕ್ಕೂ ಹೆಚ್ಚು ಜನರಿಗೆ ತೊಂದರೆಯಾದ ವರದಿಗಳು ಅಲ್ಲಿನ ಆಹಾರ ಮತ್ತು ಔಷಧ ಆಡಳಿತಕ್ಕೆ ತಲುಪಿದ್ದವು. ಅಲರ್ಜಿ ಮತ್ತು ಚರ್ಮದಲ್ಲಿ ಗಂಟುಗಳು ತಿಂಗಳುಗಳು, ಕೆಲವೊಮ್ಮೆ ವರ್ಷಗಳ ನಂತರವೂ ಕಾಣಿಸಿಕೊಳ್ಳಬಹುದು.

ಮರಗಟ್ಟಿಸುವ ಮುಲಾಮಿನ ಬಗ್ಗೆಯೂ ಎಚ್ಚರ ಬೇಕು. ಹಚ್ಚೆಗೆ ಮುನ್ನ ಹಚ್ಚುವ ಕೆಲವು ಮುಲಾಮುಗಳಲ್ಲಿ ಲಿಡೊಕೇನ್ ಪ್ರಮಾಣ ಅನುಮತಿಸಿದ ಶೇ 4ನ್ನು ಮೀರಿದೆ ಎಂದು 2024ರ ಮಾರ್ಚ್‌ನಲ್ಲಿ ಅಮೆರಿಕದ ಅದೇ ಆಡಳಿತ ಎಚ್ಚರಿಸಿತ್ತು. ಅತಿಯಾದರೆ ಇದು ಹೃದಯದ ಬಡಿತವನ್ನು ಏರುಪೇರು ಮಾಡಬಲ್ಲದು. ಮುಂದೆಂದಾದರೂ ಎಂಆರ್‌ಐ ಸ್ಕ್ಯಾನ್ ಮಾಡಿಸಬೇಕಾಗಿ ಬಂದರೆ ಹುಬ್ಬಿನ ಬಣ್ಣದ ವಿಷಯವನ್ನು ತಂತ್ರಜ್ಞರಿಗೆ ಹೇಳಬೇಕು. ಲೋಹಾಂಶವಿರುವ ಬಣ್ಣದಿಂದ ಉರಿ ಅಥವಾ ಊತ ಅಪರೂಪಕ್ಕೆ ಕಾಣಿಸುತ್ತದೆ. ಆದರೆ ಆ ಭಯದಿಂದ ಅಗತ್ಯವಾದ ಸ್ಕ್ಯಾನ್ ತಪ್ಪಿಸಬಾರದು.

ನಿಯಮಗಳು ಏನೆನ್ನುತ್ತವೆ?

ಐರೋಪ್ಯ ಒಕ್ಕೂಟವು 2022ರ ಜನವರಿಯಿಂದ ಹಚ್ಚೆ ಹಾಗೂ ಶಾಶ್ವತ ಮೇಕಪ್ ಬಣ್ಣಗಳಲ್ಲಿ ಸುಮಾರು 4,000 ರಾಸಾಯನಿಕಗಳ ಬಳಕೆಯನ್ನು ನಿರ್ಬಂಧಿಸಿದೆ. ಕರ್ನಾಟಕದಲ್ಲಿ ಈ ವಿಷಯ 2025ರ ಆರಂಭದಲ್ಲಿ ಚರ್ಚೆಗೆ ಬಂದಿತು. ಹಚ್ಚೆ ಬಣ್ಣಗಳ ಮಾದರಿಗಳಲ್ಲಿ 22 ಬಗೆಯ ಲೋಹಾಂಶಗಳು ಕಂಡುಬಂದಿವೆ ಎಂದು ತಿಳಿಸಿದ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್, ಇವುಗಳ ನಿಯಂತ್ರಣಕ್ಕೆ ಮಾನದಂಡ ರೂಪಿಸುವಂತೆ ಕೇಂದ್ರ ಸರ್ಕಾರಕ್ಕೆ ಪತ್ರ ಬರೆಯುವುದಾಗಿ ಹೇಳಿದ್ದರು. ನಿಯಮ ಏನೇ ಇರಲಿ, ಸೂಜಿ ತಮ್ಮ ಚರ್ಮವನ್ನು ಮುಟ್ಟುವ ಮುನ್ನ ಗ್ರಾಹಕರೇ ಕೇಳಿ ತಿಳಿಯಬೇಕಾದ ಸಂಗತಿಗಳಿವೆ.

ಒಪ್ಪುವ ಮುನ್ನ ಕೇಳಬೇಕಾದ ಪ್ರಶ್ನೆಗಳು

* ಸೂಜಿಯ ಪೊಟ್ಟಣವನ್ನು ಗ್ರಾಹಕರ ಎದುರೇ ಒಡೆಯುತ್ತಾರೆಯೇ? ಬಳಕೆಯ ನಂತರ ಅದನ್ನು ಎಸೆಯುತ್ತಾರೆಯೇ?
* ಬಣ್ಣದ ಬಾಟಲಿಯ ಮೇಲೆ ತಯಾರಕರ ಹೆಸರು, ಘಟಕಾಂಶಗಳು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಇವೆಯೇ? ಬಣ್ಣಕ್ಕೆ ನಲ್ಲಿ ನೀರು ಬೆರೆಸುತ್ತಾರೆಯೇ?
* ಕೆಲಸ ಮಾಡುವವರು ಎಲ್ಲಿ, ಎಷ್ಟು ಕಾಲ ತರಬೇತಿ ಪಡೆದಿದ್ದಾರೆ? ಮಾಡಿದ ದಿನದ ಚಿತ್ರವಲ್ಲದೆ, ವರ್ಷದ ನಂತರದ ಹುಬ್ಬುಗಳ ಚಿತ್ರವನ್ನೂ ತೋರಿಸಬಲ್ಲರೇ?
* ಕಾಯಿಲೆ ಮತ್ತು ಔಷಧಗಳ ಬಗ್ಗೆ ಅವರು ತಾವಾಗಿಯೇ ವಿಚಾರಿಸುತ್ತಾರೆಯೇ? ಬಣ್ಣದ ಅಲರ್ಜಿ ಪರೀಕ್ಷೆ ಮಾಡುತ್ತಾರೆಯೇ?
* ಹೇಳಿದ ದರದಲ್ಲಿ ಮರುತುಂಬಿಕೆ ಸೇರಿದೆಯೇ?

ನಂತರದ ಆರೈಕೆ

ಮೊದಲ ವಾರ ಹತ್ತು ದಿನ ಹುಬ್ಬನ್ನು ಉಜ್ಜಬಾರದು, ಹಕ್ಕಳೆ ಕೀಳಬಾರದು. ಬೆವರು ಹರಿಯುವ ವ್ಯಾಯಾಮ, ಈಜು, ಹಬೆ ಮತ್ತು ಮುಖಕ್ಕೆ ಹಚ್ಚುವ ಕ್ರೀಮುಗಳನ್ನು ಬಿಡಬೇಕು. ಅರಿಶಿನ, ಹರಳೆಣ್ಣೆಯಂತಹ ಮನೆಮದ್ದನ್ನು ಹಸಿ ಗಾಯಕ್ಕೆ ಸವರಬಾರದು. ಗಾಯ ಮಾಗಿದ ಮೇಲೆ ಸನ್‌ಸ್ಕ್ರೀನ್ ಹಚ್ಚಿದರೆ ಬಿಸಿಲಿಗೆ ಬಣ್ಣ ಬೇಗ ಮಾಸುವುದಿಲ್ಲ. ಕೆಂಪು, ನೋವು ಮತ್ತು ಊತ ಮೂರು ದಿನಗಳ ನಂತರವೂ ಹೆಚ್ಚುತ್ತಿದ್ದರೆ, ಕೀವು ಅಥವಾ ಜ್ವರ ಬಂದರೆ ಪಾರ್ಲರ್‌ಗೆ ಮರಳುವ ಬದಲು ವೈದ್ಯರನ್ನು ಕಾಣಬೇಕು.

ಬೇರೆ ದಾರಿಗಳು

ಕಾರಣಕ್ಕೆ ಚಿಕಿತ್ಸೆ ದೊರೆತರೆ ಅನೇಕರಲ್ಲಿ ಹುಬ್ಬು ಮತ್ತೆ ತುಂಬಿಕೊಳ್ಳುತ್ತದೆ. ಕೆಲವರಿಗೆ ವೈದ್ಯರು ಮಿನಾಕ್ಸಿಡಿಲ್ ಅಥವಾ ಬಿಮಾಟೊಪ್ರಾಸ್ಟ್ ದ್ರಾವಣ ಸೂಚಿಸುತ್ತಾರೆ. ಬಿಮಾಟೊಪ್ರಾಸ್ಟ್‌ಗೆ ಅಮೆರಿಕದಲ್ಲಿ 2008ರಲ್ಲಿ ದೊರೆತ ಒಪ್ಪಿಗೆ ರೆಪ್ಪೆಗೂದಲಿಗೆ ಸಂಬಂಧಿಸಿದ್ದು, ಹುಬ್ಬಿಗೆ ಅದನ್ನು ಬಳಸುವುದು ವೈದ್ಯರ ವಿವೇಚನೆಗೆ ಬಿಟ್ಟದ್ದು. ಕೂದಲು ಕಸಿಯೂ ಸಾಧ್ಯ. ಆದರೆ ಹಿಂದಲೆಯಿಂದ ತೆಗೆದು ನೆಟ್ಟ ಕೂದಲು ತಲೆಗೂದಲಿನಂತೆಯೇ ಉದ್ದ ಬೆಳೆಯುವುದರಿಂದ ಆಗಾಗ ಕತ್ತರಿಸುತ್ತಿರಬೇಕು. ಹರಳೆಣ್ಣೆ ಹಚ್ಚಿದರೆ ಹುಬ್ಬು ದಟ್ಟವಾಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದ್ದರೂ ಅದನ್ನು ಸಮರ್ಥಿಸುವ ಗಟ್ಟಿಯಾದ ವೈಜ್ಞಾನಿಕ ಆಧಾರವಿಲ್ಲ. ಥ್ರೆಡಿಂಗ್‌ಗೆ ಕೆಲವು ತಿಂಗಳು ವಿರಾಮ ಕೊಡುವುದು ಖರ್ಚಿಲ್ಲದ ಮೊದಲ ಪ್ರಯೋಗ.

ಕಾರಣ ಪತ್ತೆಯಾಗಿ, ಕಾಯಿಲೆ ಇಲ್ಲವೆಂದು ಖಚಿತವಾಗಿ ಅಥವಾ ಅದಕ್ಕೆ ಚಿಕಿತ್ಸೆ ಮುಗಿದು, ಆನಂತರವೂ ಹುಬ್ಬು ತೆಳುವಾಗಿಯೇ ಉಳಿದರೆ ನುರಿತ ಕೈಯಿಂದ ಬಣ್ಣದ ಗೆರೆ ಬರೆಸಿಕೊಳ್ಳುವುದರಲ್ಲಿ ತಪ್ಪಿಲ್ಲ. ಅದಕ್ಕೆ ಮುನ್ನ ಆಸ್ಪತ್ರೆಯ ಹೊರರೋಗಿ ಚೀಟಿಗೆ ತಗಲುವುದು ಅಲ್ಪ ಹಣ ಮತ್ತು ಒಂದು ಮುಂಜಾನೆಯ ಸಮಯ ಮಾತ್ರ.