ಯಾರ ಮೈ, ಯಾರ ವಿದ್ಯೆ?

ಚರಿತ್ರೆ ಅಂದರೆ ರಾಜರು ಗೆದ್ದ ಕೋಟೆ, ಕಟ್ಟಿಸಿದ ಗುಡಿ ಎಂದು ಶಾಲೆಯಲ್ಲಿ ನಮಗೆ ಉರು ಹೊಡೆಸಿದರು. ವೈದ್ಯದ ಚರಿತ್ರೆಯಲ್ಲೂ ಅದೇ ಚಾಳಿ. ದೊಡ್ಡ ಡಾಕ್ಟರನ ಹೆಸರು, ಅವನಿಗೆ ಬಂದ ಪದಕ, ಮುಗೀತು. ಆ ಡಾಕ್ಟರನ ಕತ್ತಿಗೆ ಸಿಕ್ಕ ಮೈ ಯಾರದು? ಮನೆಯಲ್ಲಿ ಮೊದಲ ಸಲ ಡಿಗ್ರಿ ಹಿಡಿದ ನಾವು ಇದನ್ನು ಕೇಳಲೇಬೇಕು. ಗರ್ಭಕೊರಳಿನ ಕ್ಯಾನ್ಸರಿನ ಚರಿತ್ರೆಯನ್ನು ಈ ಪ್ರಶ್ನೆ ಹಿಡಿದು ಓದುತ್ತಾ ಹೋದರೆ ಗುಲಾಮರ ಹಟ್ಟಿ, ಕರಿಯರ ವಾರ್ಡು, ಆದಿವಾಸಿ ಹಾಸ್ಟೆಲು ಒಂದಾದ ಮೇಲೊಂದು ಎದುರಾಗುತ್ತವೆ.

ನಮ್ಮ ಕೇರಿಗಳಲ್ಲಿ ಈ ರೋಗಕ್ಕೆ ಹೆಸರೇ ಇಲ್ಲ. ‘ಬಿಳಿ ಹೋಗ್ತದೆ’, ‘ಒಳಗೆ ಏನೋ ಆಗೈತೆ’ ಅಂತಾರೆ, ಅದೂ ಹೆಂಗಸರು ಹೆಂಗಸರ ಕಿವಿಯಲ್ಲಿ. ಮುಟ್ಟು ನಿಂತು ವರ್ಷಗಳಾದ ಮೇಲೆ ರಕ್ತ ಕಂಡರೂ ‘ವಯಸ್ಸಿಗೆ ಹಂಗೇ ಕಣವ್ವ’ ಅಂತ ಸುಮ್ಮನಾಗುತ್ತಾರೆ. 2022ರ ಅಂದಾಜಿನಂತೆ ಭಾರತದಲ್ಲಿ ಒಂದು ವರ್ಷದಲ್ಲಿ ಸುಮಾರು 1,27,000 ಹೆಂಗಸರಿಗೆ ಈ ರೋಗ ಬಂತು, ಸುಮಾರು 80,000 ಜನ ಸತ್ತರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕದಲ್ಲಿ, 30ರಿಂದ 49 ವಯಸ್ಸಿನ ನೂರು ಹೆಂಗಸರಲ್ಲಿ ಪೂರಾ ಇಬ್ಬರಿಗೂ ಒಮ್ಮೆಯೂ ತಪಾಸಣೆ ಆಗಿರಲಿಲ್ಲ. ಇದು ಹತ್ತು ಹದಿನೈದು ವರ್ಷ ನಿಧಾನವಾಗಿ ಬೆಳೆಯುವ ರೋಗ, ಮೊದಲೇ ಕಂಡರೆ ತಡೆಯಬಹುದಾದ ರೋಗ. ರೋಗವೇ ಅಷ್ಟು ವರ್ಷ ಕಾದರೂ ಡಾಕ್ಟರು ಬರಲಿಲ್ಲ ಅಂದರೆ ಆ ಸಾವನ್ನು ಹಣೆಬರಹ ಅನ್ನೋದು ಹೇಗೆ?

ಗರ್ಭಕೊರಳನ್ನು ನೋಡೋದಕ್ಕೆ ಸ್ಪೆಕ್ಯುಲಮ್ ಎಂಬ ಸಾಧನ ಬಳಸುತ್ತಾರೆ. ಅದರಲ್ಲಿ ಒಂದು ಬಗೆಗೆ ಇವತ್ತಿಗೂ ಸಿಮ್ಸ್ ಎಂದೇ ಹೆಸರು. ಯಾರು ಈ ಸಿಮ್ಸ್? 1840ರ ದಶಕದಲ್ಲಿ ಅಮೆರಿಕದ ಅಲಬಾಮಾದಲ್ಲಿ ಗುಲಾಮ ಹೆಂಗಸರನ್ನು ಇಟ್ಟುಕೊಂಡು ವರ್ಷಗಟ್ಟಲೆ ಕುಯ್ದು, ಹೊಲಿದು, ಕೈ ಪಳಗಿಸಿಕೊಂಡ ಡಾಕ್ಟರ. ಹೆರಿಗೆಯಲ್ಲಿ ಒಳಗೆ ಹರಿದು ಮೂತ್ರ ಸೋರುತ್ತಿದ್ದ ಹೆಂಗಸರು ಅವರು. ಅರಿವಳಿಕೆ ಇಲ್ಲ. ಗುಲಾಮರ ಮೈ ಒಡೆಯನ ಸೊತ್ತು, ಅವರ ಒಪ್ಪಿಗೆಗೆ ಬೆಲೆ ಎಲ್ಲಿತ್ತು? ಮೂವರ ಹೆಸರು ಮಾತ್ರ ಉಳಿದಿದೆ: ಅನಾರ್ಕಾ, ಬೆಟ್ಸಿ, ಲೂಸಿ. ಅನಾರ್ಕಾಳ ಮೇಲೆ ಮೂವತ್ತು ಸಲ ಕತ್ತಿ ಆಡಿತು. ಸಿಮ್ಸನಿಗೆ ನ್ಯೂಯಾರ್ಕಿನಲ್ಲಿ ಪ್ರತಿಮೆ ನಿಂತಿತು. ಜನ ಕೂಗೆಬ್ಬಿಸಿದ ಮೇಲೆ 2018ರಲ್ಲಿ ಅದನ್ನು ಅಲ್ಲಿಂದ ತೆಗೆದರು.

1842ರಲ್ಲಿ ಇಟಲಿಯ ರಿಗೋನಿ-ಸ್ಟೆರ್ನ್ ಎಂಬ ಡಾಕ್ಟರ ವೆರೋನಾ ಊರಿನ ಸಾವಿನ ಲೆಕ್ಕ ತೆಗೆದು ನೋಡಿದ. ಗರ್ಭಕೋಶದ ಕ್ಯಾನ್ಸರಿನಿಂದ ಸನ್ಯಾಸಿನಿಯರು ಸಾಯೋದು ಕಮ್ಮಿ, ಮದುವೆಯಾದವರು ಹೆಚ್ಚು. ಲೆಕ್ಕ ಒಳ್ಳೆಯದೇ. ಆದರೆ ಇಂಥ ಲೆಕ್ಕ ಮುಂದೆ ಹೆಣ್ಣಿನ ನಡತೆಯ ಮೇಲೆ ಬೆರಳು ತೋರಿಸೋದಕ್ಕೆ ಬಳಕೆಯಾಯಿತು. ಈಗ ಗೊತ್ತಿರುವ ಸಂಗತಿ ಬೇರೆ. ಕಾರಣ ಎಚ್‌ಪಿವಿ ಎಂಬ ವೈರಸ್. ಗಂಡು ಹೆಣ್ಣು ಕೂಡಿದಲ್ಲೆಲ್ಲ ಇರುವ, ಬಹುಪಾಲು ಜನಕ್ಕೆ ಒಂದಲ್ಲ ಒಂದು ಸಲ ತಗಲುವ ವೈರಸ್. ಹೆಚ್ಚಿನವರಲ್ಲಿ ತಾನಾಗಿ ಹೋಗುತ್ತದೆ, ಕೆಲವರಲ್ಲಿ ಹೋಗದೆ ಕೂತು ಕೊರೆಯುತ್ತದೆ. ಗಂಡನೊಬ್ಬನನ್ನೇ ಕಂಡವಳಿಗೂ ಗಂಡನಿಂದಲೇ ಬರುತ್ತದೆ. ಎಳೆ ವಯಸ್ಸಿನ ಮದುವೆ, ಮೇಲಿಂದ ಮೇಲೆ ಬಸುರು ಬಾಣಂತನ, ಬೀಡಿ ಸಿಗರೇಟು, ಎಚ್‌ಐವಿಯಿಂದ ಕುಂದಿದ ಮೈ, ಇವು ಅಪಾಯ ಹೆಚ್ಚಿಸುತ್ತವೆ. ಇದರಲ್ಲಿ ಎಷ್ಟನ್ನು ನಮ್ಮ ಅವ್ವಂದಿರು ತಾವಾಗಿ ಆರಿಸಿಕೊಂಡರು? ಹದಿಮೂರಕ್ಕೆ ತಾಳಿ ಕಟ್ಟಿಸಿದವರು ಯಾರು?

ಗರ್ಭಕೊರಳಿಂದ ಉದುರುವ ಜೀವಕೋಶಗಳನ್ನು ಗಾಜಿನ ಮೇಲೆ ಸವರಿ ನೋಡಿದರೆ ಕ್ಯಾನ್ಸರ್ ಕಾಣುತ್ತದೆ ಎಂದು 1928ರಲ್ಲಿ ನ್ಯೂಯಾರ್ಕಿನ ಪಪಾನಿಕೊಲಾವ್ ಹೇಳಿದ. ಲೋಕ ಕಿವಿಗೊಟ್ಟಿದ್ದು 1940ರ ದಶಕದಲ್ಲಿ. ವರ್ಷಗಟ್ಟಲೆ ತನ್ನ ಮೈಯಿಂದಲೇ ಮಾದರಿ ಕೊಟ್ಟವಳು ಅವನ ಹೆಂಡತಿ ಆಂದ್ರೊಮಾಕಿ. ಪರೀಕ್ಷೆಗೆ ಉಳಿದ ಹೆಸರು ಮಾತ್ರ ಗಂಡನದು: ಪ್ಯಾಪ್.

ಇನ್ನು ಹೆನ್ರಿಯೆಟ್ಟಾ ಲ್ಯಾಕ್ಸ್. ಈ ತಾಯಿಯ ಬದುಕು ಓದುವಾಗ ನಮಗೆ ಅಮೆರಿಕ ದೂರ ಅನ್ನಿಸಲಿಲ್ಲ. 1920ರಲ್ಲಿ ವರ್ಜೀನಿಯಾದಲ್ಲಿ ಹುಟ್ಟಿದಳು. ಹೆರಿಗೆಯಲ್ಲಿ ತಾಯಿ ಸತ್ತಳು. ಅಜ್ಜ ಸಾಕಿದ, ಅವನ ಮನೆ ಹಿಂದೆ ಗುಲಾಮರ ಬಿಡಾರವಾಗಿತ್ತು. ಹೊಗೆಸೊಪ್ಪಿನ ಹೊಲದಲ್ಲಿ ದುಡಿತ. ಆರನೇ ಕ್ಲಾಸಿಗೆ ಓದು ನಿಂತಿತು. ಐದು ಮಕ್ಕಳು. 1951ರ ಶುರುವಿನಲ್ಲಿ ಒಳಗೆ ಗಂಟು ಕೈಗೆ ಸಿಕ್ಕು, ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಹೋದಳು. ಅಲ್ಲಿ ಕರಿಯರಿಗೆ ವಾರ್ಡೇ ಬೇರೆ. ನಮ್ಮ ಹೋಟೆಲುಗಳಲ್ಲಿ ಲೋಟ ಬೇರೆ ಇಡುತ್ತಿದ್ದರಲ್ಲ, ಹಂಗೆ.

ರೇಡಿಯಂ ಇಡುವ ಹೊತ್ತಿನಲ್ಲಿ ಡಾಕ್ಟರ ಅವಳ ಗರ್ಭಕೊರಳಿಂದ ಎರಡು ಚೂರು ಕುಯ್ದುಕೊಂಡ. ಅವಳನ್ನು ಕೇಳಲಿಲ್ಲ, ಹೇಳಲೂ ಇಲ್ಲ. ಆ ಕಾಲದ ರೂಢಿ ಅದು ಅಂತಾರೆ. ಜೀತವೂ ರೂಢಿಯೇ ಆಗಿತ್ತು. ಮನುಷ್ಯನ ಜೀವಕೋಶ ಮೈಯಿಂದ ಹೊರಗೆ ಬಂದರೆ ಸಾಯುತ್ತಿದ್ದ ದಿನಗಳವು. ಇವಳವು ಜಾರ್ಜ್ ಗೈಯ ಪ್ರಯೋಗಶಾಲೆಯಲ್ಲಿ ದಿನಕ್ಕೆ ಎರಡರಷ್ಟಾದವು. ಅವಳ ಹೆಸರಿನ ತುಂಡುಗಳನ್ನೇ ಸೇರಿಸಿ ‘ಹೀಲಾ’ ಎಂದು ಕರೆದರು. ಅಕ್ಟೋಬರ್ 4ರಂದು ಅವಳು ಸತ್ತಳು, ವಯಸ್ಸು 31. ಮಣ್ಣು ಮಾಡಿದ ಜಾಗದಲ್ಲಿ ಅವಳ ಹೆಸರಿನ ಕಲ್ಲು ನಿಂತಿದ್ದು 2010ರಲ್ಲಿ. ಕೋಶಗಳು ಮಾತ್ರ ಲೋಕ ಸುತ್ತಿದವು. ಪೋಲಿಯೋ ಲಸಿಕೆಯ ಪರೀಕ್ಷೆಗಾಗಿ ಟಸ್ಕಿಗೀ ಎಂಬ ಕರಿಯರ ವಿದ್ಯಾಸಂಸ್ಥೆಯಲ್ಲಿ ಅವನ್ನು ರಾಶಿರಾಶಿ ಬೆಳೆಸಿದರು. ಅದೇ ಟಸ್ಕಿಗೀಯಲ್ಲಿ ಸರ್ಕಾರ 1932ರಿಂದ 1972ರವರೆಗೆ ಸಿಫಿಲಿಸ್ ಬಂದ ಕರಿಯ ಗಂಡಸರಿಗೆ ಔಷಧಿ ಕೊಡದೆ, ರೋಗ ಎಲ್ಲಿಗೆ ಮುಟ್ಟುತ್ತದೋ ನೋಡುತ್ತಾ ಕೂತಿತ್ತು. ಹೆನ್ರಿಯೆಟ್ಟಾಳ ಮಕ್ಕಳಿಗೆ ಅವ್ವನ ಕೋಶಗಳ ಸುದ್ದಿ ತಿಳಿದದ್ದು 1970ರ ದಶಕದಲ್ಲಿ, ಅದೂ ಅವರ ರಕ್ತ ಬೇಕಾದಾಗ. ಹೀಲಾದಿಂದ ಕಂಪನಿಗಳು ಹಣ ಮಾಡಿದವು. 2023ರಲ್ಲಿ ಥರ್ಮೊ ಫಿಶರ್ ಎಂಬ ಕಂಪನಿ ಆ ಕುಟುಂಬದೊಂದಿಗೆ ರಾಜಿಗೆ ಬಂತು. ಎಪ್ಪತ್ತೆರಡು ವರ್ಷ!

1980ರ ದಶಕದಲ್ಲಿ ಜರ್ಮನಿಯ ಹೆರಾಲ್ಡ್ ಜುರ್ ಹೌಸೆನ್ ತಂಡ ಎಚ್‌ಪಿವಿ 16, 18 ಎಂಬ ಎರಡು ಬಗೆಗಳನ್ನು ಹಿಡಿಯಿತು. ಹದಿನೆಂಟನೆಯದು ಹೆನ್ರಿಯೆಟ್ಟಾಳ ಕೋಶಗಳಲ್ಲೇ ಕೂತಿತ್ತು. 2008ರಲ್ಲಿ ಹೌಸೆನ್‌ಗೆ ನೊಬೆಲ್ ಬಂತು. ಅಷ್ಟರಲ್ಲಿ, 2006ಕ್ಕೇ, ಲಸಿಕೆ ಮಾರುಕಟ್ಟೆಗೆ ಬಂದಿತ್ತು.

ಆ ಲಸಿಕೆ ನಮ್ಮ ಕಡೆ ಹೆಂಗೆ ಬಂತು ನೋಡಿ. 2009ರಲ್ಲಿ ಪಾಥ್ ಎಂಬ ಅಮೆರಿಕದ ಸಂಸ್ಥೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಜೊತೆ ಸೇರಿ, ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾದಲ್ಲಿ 10ರಿಂದ 14ರ ಹುಡುಗಿಯರಿಗೆ ಇದನ್ನು ಹಾಕಿಸಿತು. ಅನೇಕರು ಆದಿವಾಸಿ ಮಕ್ಕಳು, ಹಾಸ್ಟೆಲು ಮಕ್ಕಳು. ಏಳು ಹುಡುಗಿಯರು ಸತ್ತರು. 2010ರ ಏಪ್ರಿಲಿನಲ್ಲಿ ಯೋಜನೆ ನಿಂತಿತು. ಸಾವಿಗೂ ಲಸಿಕೆಗೂ ಸಂಬಂಧ ಕಾಣುವುದಿಲ್ಲ ಎಂದು ವಿಚಾರಣಾ ಸಮಿತಿ ಹೇಳಿತು. ಅದನ್ನು ನಾವು ಮುಚ್ಚಿಡಬಾರದು, ಯಾಕಂದರೆ ಲಸಿಕೆಯ ಬಗ್ಗೆ ಸುಳ್ಳು ಹೆದರಿಕೆ ಹಬ್ಬಿದರೆ ಸಾಯುವವರೂ ನಮ್ಮವರೇ. ಆದರೆ ಒಪ್ಪಿಗೆ ಪತ್ರಗಳ ಕಥೆ ಕೇಳಿ. ಆಂಧ್ರದ 9,543 ಪತ್ರಗಳಲ್ಲಿ 1,948ಕ್ಕೆ ಹೆಬ್ಬೆಟ್ಟು, 2,763ಕ್ಕೆ ಹಾಸ್ಟೆಲ್ ವಾರ್ಡನ್ನಿನ ಸಹಿ. 2013ರಲ್ಲಿ ಸಂಸದೀಯ ಸಮಿತಿ ಇದನ್ನೆಲ್ಲ ಎತ್ತಿ ಝಾಡಿಸಿತು. ಹಾಸ್ಟೆಲಿನಲ್ಲಿ ಓದಿದ ನಮಗೆ ಆ ಸಹಿ ಹೆಂಗೆ ಬಿದ್ದಿರುತ್ತದೆ ಅನ್ನೋದನ್ನ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಮುಂಬಯಿಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಿಂದ ಕೊಳೆಗೇರಿಗಳ ಸುಮಾರು 1,50,000 ಹೆಂಗಸರ ನಡುವೆ ಒಂದು ಅಧ್ಯಯನ ನಡೆಸಿದರು. ಗರ್ಭಕೊರಳಿಗೆ ತೆಳು ಅಸಿಟಿಕ್ ಆಮ್ಲ, ಅಂದರೆ ವಿನಿಗರ್‌ನ ಹುಳಿ, ಸವರಿದರೆ ಕೆಟ್ಟ ಭಾಗ ಬೆಳ್ಳಗಾಗುತ್ತದೆ. ಲ್ಯಾಬು ಬೇಡ. ಇದನ್ನು ಮಾಡಿದ್ದು ಹತ್ತನೇ ಕ್ಲಾಸು ಓದಿದ, ಕೆಲವೇ ವಾರ ತರಬೇತಿ ಪಡೆದ ಹೆಂಗಸರು. ಸಾವು ನೂರಕ್ಕೆ 31ರಷ್ಟು ಇಳಿಯಿತು ಎಂದು 2013ರಲ್ಲಿ ಹೇಳಿದರು. ದೊಡ್ಡ ಗೆಲುವು. ಆದರೆ ಹೋಲಿಕೆಗೆಂದು ಇಟ್ಟ ಅರ್ಧದಷ್ಟು ಹೆಂಗಸರಿಗೆ ತಿಳುವಳಿಕೆ ಮಾತು ಬಿಟ್ಟು ತಪಾಸಣೆ ಇರಲಿಲ್ಲ. ಯಾರೂ ತಪಾಸಣೆ ಮಾಡದ ದೇಶದಲ್ಲಿ ಅದು ಸಹಜವೇ ಎಂದು ಸಮರ್ಥಿಸಿಕೊಂಡರು. ಯಾರೂ ಮಾಡದಿದ್ದುದೇ ಮೊದಲ ಅನ್ಯಾಯ ಅಲ್ಲವೇ?

1972ರಲ್ಲಿ ಮುಂಬಯಿಯ ದಲಿತ ಯುವಕರು ಅಮೆರಿಕದ ಬ್ಲ್ಯಾಕ್ ಪ್ಯಾಂಥರುಗಳಿಂದ ಹೆಸರು ತಂದರು. ಆ ಪ್ಯಾಂಥರುಗಳು ಕರಿಯರ ಕೇರಿಗಳಲ್ಲಿ ಉಚಿತ ದವಾಖಾನೆಗಳನ್ನೂ ನಡೆಸಿದ್ದರು. ಆ ಭಾಗ ನಮ್ಮ ಭಾಷಣಗಳಲ್ಲಿ ಅಷ್ಟಾಗಿ ಬರುವುದಿಲ್ಲ.

30ರಿಂದ 65 ವಯಸ್ಸಿನ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಆ ಹುಳಿಯ ಪರೀಕ್ಷೆ ಮಾಡಬೇಕೆಂದು ಕೇಂದ್ರ ಸರ್ಕಾರವೇ 2016ರಲ್ಲಿ ಬರೆದಿಟ್ಟಿದೆ. 2022ರಲ್ಲಿ ನಮ್ಮ ದೇಶದಲ್ಲೇ ತಯಾರಾದ ಲಸಿಕೆಗೆ ಒಪ್ಪಿಗೆ ಸಿಕ್ಕಿದೆ. ಮೇಷ್ಟ್ರುಗಳೇ, ಗೆಳೆಯರೇ, ನಿಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಕೇಳಿ: ಹೋದ ವರ್ಷ ಎಷ್ಟು ಹೆಂಗಸರಿಗೆ ಈ ಪರೀಕ್ಷೆ ಮಾಡಿದಿರಿ, ಅದರಲ್ಲಿ ಕೇರಿಯವರು ಎಷ್ಟು ಜನ? ಲಸಿಕೆಯ ಒಪ್ಪಿಗೆ ಪತ್ರ ಹಾಸ್ಟೆಲಿಗೆ ಬಂದರೆ, ವಾರ್ಡನ್ನು ಪೆನ್ನು ತೆಗೆಯುವ ಮೊದಲು ಅದನ್ನು ಹುಡುಗಿಯ ಅವ್ವನ ಮುಂದೆ ಕೂತು ಗಟ್ಟಿಯಾಗಿ ಓದಿ ಹೇಳಿ.