ಪರದೇಶಿ

ಕುಶಾಲನಗರದ ಬಸ್‌ಸ್ಟ್ಯಾಂಡಿನಲ್ಲಿ ಅಜ್ಜಿಯೊಬ್ಬರು ಮೊಮ್ಮಗನನ್ನು ಗದರುತ್ತಿದ್ದರು: “ಯಾಕೋ ಪರದೇಶಿ ಥರ ಮೂಲೇಲಿ ಕೂತಿದ್ದೀಯ? ಬಾ, ತಿಂಡಿ ತಿನ್ನು.” ಅಲ್ಲೇ ಬೈಲಕುಪ್ಪೆಯ ಟಿಬೆಟನ್ ಹೆಂಗಸೊಬ್ಬರು ಸೊಗಸಾದ ಕನ್ನಡದಲ್ಲಿ ಬಾಳೆಹಣ್ಣಿಗೆ ಚೌಕಾಸಿ ಮಾಡುತ್ತಿದ್ದರು. ಅವರನ್ನು ಯಾರೂ ಪರದೇಶಿ ಅನ್ನಲಿಲ್ಲ.

ನಿಘಂಟಿನ ಅರ್ಥ ಹಾಗಿರಲಿ. ನಮ್ಮ ಮನೆಗಳಲ್ಲಿ ಪರದೇಶಿ ಎಂದರೆ ಉಂಡೆಯಾ, ಬಿಟ್ಟೆಯಾ ಎಂದು ಕೇಳುವವರಿಲ್ಲದವನು. ಈ ಅರ್ಥ ಹುಟ್ಟಿದ್ದು ದೇಶದ ಗಡಿಯಲ್ಲಲ್ಲ, ಬಾವಿಕಟ್ಟೆಯಲ್ಲಿ ಎಂಬುದು ನನ್ನ ವಾದ. ಭಾಷಾಪಂಡಿತರು ನಗಲಿ.

“ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ?” ಈ ಗಾದೆಯನ್ನು ಈಗಿನವರು ಬೆದರಿಕೆಗೆ ಬಳಸುತ್ತಾರೆ: ಇವತ್ತು ತಪ್ಪಿಸಿಕೊಂಡ, ನಾಳೆ ಸಿಕ್ಕೇ ಸಿಗುತ್ತಾನೆ ಅಂತ. ಪಾಪ, ಗಾದೆಯಲ್ಲಿರುವವಳು ಬಹುಶಃ ಹೊಸ ಸೊಸೆ. ಜನಗಣತಿ ತೆಗೆದು ನೋಡಿ, ಈ ದೇಶದ ಹೆಂಗಸರ ವಲಸೆಗೆ ಎಲ್ಲಕ್ಕಿಂತ ದೊಡ್ಡ ಕಾರಣ ಮದುವೆ. ಅವಳು ಕೊಡ ಹಿಡಿದು ಬಂದಾಗ ತವರು ಯಾವುದು, ಯಾರ ಮನೆ, ಅತ್ತೆ ಹೇಗೆ ಎಂಬ ವಿಚಾರಣೆ ನಡೆಯುತ್ತಿತ್ತು. ಕೊಡ ತುಂಬುವಷ್ಟರಲ್ಲಿ ಅವಳು ಊರವಳು. ಅರ್ಜಿಯಿಲ್ಲ, ಮೊಹರಿಲ್ಲ. ಆದರೆ ಗಾದೆ ಒಂದು ಮಾತು ನುಂಗಿಕೊಂಡಿದೆ: ಅದೇ ಊರಲ್ಲಿ ಹುಟ್ಟಿದ ದಲಿತರಿಗೆ ಆ ನೀರು ಮುಟ್ಟಲು ಬಿಡುತ್ತಿರಲಿಲ್ಲ. 1927ರಲ್ಲಿ ಅಂಬೇಡ್ಕರ್ ಮಹಾಡದಲ್ಲಿ ಕೆರೆಗಿಳಿದದ್ದು ಅದಕ್ಕೇ. ಹುಟ್ಟಿದೂರಲ್ಲೇ ಪರದೇಶಿ ಮಾಡುವ ವಿದ್ಯೆ ನಮಗೆ ಚೆನ್ನಾಗಿ ಗೊತ್ತಿತ್ತು.

ಕಾನೂನಿನ ಬಾವಿಕಟ್ಟೆ ಬೇರೆ. ಬೈಲಕುಪ್ಪೆಯಲ್ಲಿ ಮೈಸೂರು ಸರ್ಕಾರ 1960ರಲ್ಲಿ ಗುತ್ತಿಗೆ ಕೊಟ್ಟ ಜಮೀನಿನಲ್ಲಿ ಟಿಬೆಟನ್ನರು ಕಾಡು ಕಡಿದು ಜೋಳ ಬೆಳೆದರು, ಮಕ್ಕಳನ್ನು ಹೆತ್ತರು. 1950ರ ಜನವರಿ 26ರಿಂದ 1987ರ ಜುಲೈ 1ರ ಮುಂಚಿನವರೆಗೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು ಎಂದು ಪೌರತ್ವ ಕಾಯ್ದೆ ಹೇಳುತ್ತದೆ. ಅದು ಟಿಬೆಟನ್ನರ ಮಕ್ಕಳಿಗೂ ಸಲ್ಲುತ್ತದೆ ಎಂದು ಹೇಳಿಸಿಕೊಳ್ಳಲು ದೆಹಲಿ ಹೈಕೋರ್ಟಿಗೆ ಹೋಗಬೇಕಾಯಿತು, ತೀರ್ಪು ಬಂದದ್ದು 2010ರಲ್ಲಿ. 1987ರ ಆ ಗಡುವಿನ ನಂತರ ಹುಟ್ಟಿದ ಅನೇಕರ ಜೇಬಿನಲ್ಲಿ ಇಂದಿಗೂ ಇರುವುದು ವಿದೇಶಿಯರ ನೋಂದಣಿ ಪತ್ರ. ಟೀವಿ ಚರ್ಚೆಯವರಿಗೆ ಇದೆಲ್ಲ ಬೇಡ. ‘ವಲಸಿಗ’ ಎಂಬ ಒಂದೇ ಪದದ ಮೇಲೆ ಅವರು ಗಂಟೆಗಟ್ಟಲೆ ಕೂಗಾಡಬಲ್ಲರು.

ನಮ್ಮವರೇ ಡಲ್ಲಾಸಿನಲ್ಲಿ ಅಮೆರಿಕದ ಪ್ರಜೆಗಳಾದಾಗ ಮಾತ್ರ ಯಾರಿಗೂ ಆ ಪದ ನೆನಪಾಗುವುದಿಲ್ಲ. ದ್ವಿಪೌರತ್ವ ನಮ್ಮಲ್ಲಿಲ್ಲವಾದ್ದರಿಂದ ಅವರ ಭಾರತದ ಪಾಸ್‌ಪೋರ್ಟು ಹೋಯಿತು. ಕೈಗೆ ಬಂದ ಓಸಿಐ ಕಾರ್ಡಿನ ಹೆಸರಿನಲ್ಲಿ ‘ಭಾರತೀಯ ನಾಗರಿಕ’ ಅಂತಿದ್ದರೂ ಅದರಿಂದ ಇಲ್ಲಿ ವೋಟು ಹಾಕುವಂತಿಲ್ಲ, ಹೊಲ ಕೊಳ್ಳುವಂತಿಲ್ಲ. ಕಾಗದದ ಲೆಕ್ಕದಲ್ಲಿ ಅಪ್ಪಟ ಪರದೇಶಿಗಳು. ಹಾಗಂತ ಜಯನಗರದಲ್ಲಿರುವ ಅವರಮ್ಮನ ಮುಂದೆ ಒಮ್ಮೆ ಹೇಳಿ ನೋಡಿ.